ಸಿ ರಿಪೋರ್ಟ್ ಹಾಕಿದ ಕೇಸಿಗೆ ಕ್ಲೈಮ್ಯಾಕ್ಸ್ ಬರೆಯೋಕೆ ಹೋಗಿ

ಒಂದು ಆರು ವರ್ಷ ನಾನು ಕ್ರೈಮ್ ಪ್ರೋಗ್ರಾಂಗೆ ಸ್ಕ್ರಿಪ್ಟ್ ಬರೀತಿದ್ದೆ. ಚಾನೆಲ್ ಹೆಸರು ಬೇಡ ಬಿಡಿ. ರಾತ್ರಿ ಊಟದ ಹೊತ್ತಿಗೆ ಬರ್ತಿದ್ವಲ್ಲ, ಮಸುಕು ಮಾಡಿದ ಮುಖ, ಗಡಸು ದನಿ ಆಂಕರ್ರು, "ಆದರೆ ಅವತ್ತು ರಾತ್ರಿ ನಡೆದದ್ದೇ ಬೇರೆ" ಅನ್ನೋ ಲೈನು, ಆ ಥರದ್ದೇ. ಆ ಲೈನನ್ನ ನಾನೇ ಕಮ್ಮಿ ಅಂದ್ರೂ ನೂರು ಸಲ ಬರ್ದಿದೀನಿ, ಈಗ ಯಾರಾದ್ರೂ ಹಂಗಂದ್ರೆ ನಾಚಿಕೆ ಆಗುತ್ತೆ.

ಕೆಲಸ ಹೇಗಿರ್ತಿತ್ತು ಅಂದ್ರೆ, ಅರ್ಧ ಗಂಟೆ ಸ್ಲಾಟ್, ಆಡ್ ತೆಗೆದ್ರೆ ಇಪ್ಪತ್ತೆರಡು ನಿಮಿಷ ಕತೆ, ಮೂರು ಬ್ರೇಕು, ಪ್ರತಿ ಬ್ರೇಕಿಗೆ ಮುಂಚೆ ಒಂದು ಹುಕ್. ಫಸ್ಟ್ ಬ್ರೇಕಿಗೆ ಹೆಣ ಸಿಗ್ಬೇಕು, ಸೆಕೆಂಡ್ ಬ್ರೇಕಿಗೆ ಒಬ್ಬನ ಮೇಲೆ ಡೌಟ್ ಬರ್ಬೇಕು, ಮೂರನೇದಕ್ಕೆ ಆ ಡೌಟ್ ಸುಳ್ಳಾಗ್ಬೇಕು, ಕೊನೆ ಐದು ನಿಮಿಷದಲ್ಲಿ ಇನ್ಸ್‌ಪೆಕ್ಟರ್ ಬೈಟು ಅಂದ್ರೆ ಕ್ಯಾಮೆರಾ ಮುಂದೆ ನಾಲ್ಕು ಮಾತು, ಬೇಡಿ ಹಾಕ್ಕೊಂಡು ಜೀಪ್ ಹತ್ತೋ ಶಾಟು, ಶುಭರಾತ್ರಿ. ಇಷ್ಟೇ. ಕೇಸು ಬಳ್ಳಾರಿದಾಗ್ಲಿ ಬಂಟ್ವಾಳದ್ದಾಗ್ಲಿ ಅಚ್ಚು ಒಂದೇ, ಹಿಟ್ಟು ಮಾತ್ರ ಬೇರೆ.

ಒಂದಿನ ನಮ್ಮ ಹೆಡ್ಡು ಒಂದು ಹಳೇ ಫೈಲ್ ತಂದು ಟೇಬಲ್ ಮೇಲೆ ಹಾಕಿದ್ರು. ಯಾವ ಜಿಲ್ಲೆ, ಯಾರು ತೀರ್ಕೊಂಡಿದ್ದು ಅಂತೆಲ್ಲ ಇಲ್ಲಿ ಬರೆಯಲ್ಲ. ಒಬ್ಬ ಹೆಣ್ಮಗಳ ಕೊಲೆ, ಪೊಲೀಸ್ರು ಎರಡು ವರ್ಷ ಅಲೆದಾಡಿ ಕೊನೆಗೆ ಸಿ ರಿಪೋರ್ಟ್ ಹಾಕಿದ್ರು. ಬಿ ರಿಪೋರ್ಟ್ ಅಂದ್ರೆ ಪೇಪರ್ ಓದೋರಿಗೆಲ್ಲ ಗೊತ್ತಿರುತ್ತೆ, ಸಿ ರಿಪೋರ್ಟ್ ಅಂದ್ರೆ ಅಪರಾಧ ಆಗಿರೋದು ನಿಜ, ಆದ್ರೆ ಮಾಡಿದೋರು ಪತ್ತೆ ಆಗ್ಲಿಲ್ಲ ಅಂತ ಕೋರ್ಟಿಗೆ ಕೊಡೋ ವರದಿ. ನಾನು ಕೇಳ್ದೆ, ಸರ್ ಇದ್ರಲ್ಲಿ ಬೇಡಿ ಹಾಕೋ ಶಾಟ್ ಎಲ್ಲಿಂದ ತರೋದು? "ಅದಕ್ಕೇ ನಿಂಗೆ ಕೊಟ್ಟಿರೋದು, ಏನಾದ್ರೂ ಕ್ಲೈಮ್ಯಾಕ್ಸ್ ಮಾಡು, ಕೊಲೆಗಾರ ಯಾರು ಅಂತ ಹೇಳ್ದೆ ಬಿಟ್ರೆ ಜನ ರಿಮೋಟ್ ಎಸೀತಾರೆ" ಅಂದ್ರು.

ಜನ ಎಸೀತಾರೆ ಅನ್ನೋದು ನಂಗೆ ಅಷ್ಟು ಒಪ್ಪಿಗೆ ಆಗ್ಲಿಲ್ಲ. ಬೆಳದಿಂಗಳ ಬಾಲೆ ನೋಡಿದ ಜನ ನಾವು. 1995ರಲ್ಲಿ ಅನಂತ್ ನಾಗ್ ಇಡೀ ಸಿನಿಮಾ ಫೋನಿನ ದನಿ ಹಿಂದೆ ಬಿದ್ದು ಹುಡುಕ್ತಾರೆ, ಆ ಹುಡುಗಿ ಮುಖ ನಮಗೆ ಕೊನೆವರೆಗೂ ತೋರಿಸ್ಲೇ ಇಲ್ಲ, ಯಾರೂ ಕುರ್ಚಿ ಮುರೀಲಿಲ್ಲ. ಆದ್ರೆ ಅದು ಪ್ರೀತಿ ಕತೆ, ಇದು ಕೊಲೆ. ಹಾಗಾಗಿ ಕೊಲೆಗಾರ ಸಿಗದೇ ಇರೋ ಸಿನಿಮಾಗಳನ್ನೇ ಹುಡುಕ್ಕೊಂಡು ಕೂತೆ, ಮುಖ್ಯವಾಗಿ ಎರಡು. ಬಾಂಗ್ ಜೂನ್ ಹೋ ಮಾಡಿದ ಕೊರಿಯಾದ ಮೆಮೊರೀಸ್ ಆಫ್ ಮರ್ಡರ್, 2003ರದ್ದು. ಡೇವಿಡ್ ಫಿಂಚರ್ ಮಾಡಿದ ಝೋಡಿಯಾಕ್, 2007ರದ್ದು, ಅಮೆರಿಕದಲ್ಲಿ ಆ ಹೆಸರಿಟ್ಕೊಂಡಿದ್ದ ಒಬ್ಬ ನಿಜವಾದ ಸರಣಿ ಕೊಲೆಗಾರನ ಕತೆ. ಎಲ್ರೂ ಹೇಳ್ತಿದ್ರು, ಈ ಎರಡೂ ಕ್ರೈಮ್ ಸಿನಿಮಾದ ರೂಲ್ಸ್ ಎಲ್ಲ ಮುರಿದು ಹಾಕಿವೆ ಅಂತ. ಸರಿ ಯಾವ್ಯಾವ ರೂಲ್ ಮುರಿದಿದಾರೆ ಲಿಸ್ಟ್ ಮಾಡೋಣ, ಅದನ್ನೇ ತೋರಿಸಿ ಹೆಡ್ಡನ್ನ ಒಪ್ಪಿಸೋಣ ಅಂತ ನೋಟ್‌ಬುಕ್ ಇಟ್ಕೊಂಡು, ಪಾಸ್ ಮಾಡಿ ಮಾಡಿ ಟೈಮ್ ಬರ್ಕೊಂಡು ನೋಡಿದೆ.

ಲಿಸ್ಟ್ ಆಗ್ಲೇ ಇಲ್ಲ. ಮುರಿದಿರೋ ರೂಲೇ ಸಿಗ್ಲಿಲ್ಲ ನಂಗೆ!

ಕೊರಿಯಾದ್ದೇ ತಗೊಳ್ಳಿ. ಕತೆ 1986ರಲ್ಲಿ ಶುರು, ಹ್ವಾಸಾಂಗ್ ಅನ್ನೋ ಕಡೆ ನಿಜವಾಗ್ಲೂ ನಡೆದಿದ್ದು, 1991ರವರೆಗೆ ಹತ್ತು ಹೆಣ್ಮಕ್ಕಳು ಸತ್ರು. ಸಿನಿಮಾದಲ್ಲಿ ಒಬ್ಬ ಹಳ್ಳಿ ಡಿಟೆಕ್ಟಿವ್, ಒಬ್ಬ ಸಿಯೋಲ್‌ನಿಂದ ಬಂದ ಓದಿದ ಡಿಟೆಕ್ಟಿವ್, ಇಬ್ರಿಗೂ ಆಗಲ್ಲ, ಆಮೇಲೆ ಜೊತೆ ಆಗ್ತಾರೆ. ಇದಕ್ಕಿಂತ ಹಳೇ ಅಚ್ಚು ಬೇಕಾ? ಮಳೆ ರಾತ್ರಿ, ಕೆಂಪು ಬಟ್ಟೆ, ರೇಡಿಯೋದಲ್ಲಿ ಒಂದೇ ಹಾಡಿಗೆ ರಿಕ್ವೆಸ್ಟು, ಸುಳಿವುಗಳೂ ಪಕ್ಕಾ ಫಾರ್ಮುಲಾ. ಚೇಸ್ ಇದೆ, ತಪ್ಪು ಆರೋಪಿ ಇದಾನೆ, ಒಬ್ಬನಾದ್ಮೇಲೆ ಒಬ್ಬ ಬರ್ತಾನೆ. ಝೋಡಿಯಾಕ್‌ನಲ್ಲೂ ಅಷ್ಟೆ, ಕೊಲೆಗಾರ ಪೇಪರ್ ಆಫೀಸಿಗೆ ಕಳಿಸಿದ ಗುಪ್ತಲಿಪಿ, ಕೈಬರಹ, ಪಟ್ಟು ಬಿಡದ ಇನ್ಸ್‌ಪೆಕ್ಟರ್, ಕುಡುಕ ರಿಪೋರ್ಟರ್, ಮನೆಮಠ ಮರೆತು ಫೈಲ್ ಹಿಂದೆ ಬಿದ್ದ ಕಾರ್ಟೂನಿಸ್ಟ್. ನಮ್ಮ ಆಫೀಸಿಗೆ ಕಳಿಸಿದ್ರೆ ಮೊದಲ ಮೀಟಿಂಗಲ್ಲೇ ಓಕೆ ಆಗೋ ಐಟಂಗಳು.

ಹಾಗಾದ್ರೆ ಕೊನೆ ಒಂದನ್ನ ಮಾತ್ರ ಕಿತ್ತಿದಾರೆ ಅಂದ್ಕೊಂಡೆ, ಕೊಲೆಗಾರನ ಹೆಸರು. ಅದೂ ಅರ್ಧ ಸುಳ್ಳೇ. ಝೋಡಿಯಾಕ್ 157 ನಿಮಿಷದ ಸಿನಿಮಾ, ಕೊಲೆಗಳೆಲ್ಲ ಮೊದಲ ಒಂದು ಗಂಟೆ ಒಳಗೇ ಮುಗ್ದು ಹೋಗ್ತವೆ, ಉಳಿದಿದ್ದೆಲ್ಲ ಕಾಗದ, ಫೋನು, ಬೇರೆ ಬೇರೆ ಊರಿನ ಸ್ಟೇಷನ್‌ಗಳು, ಒಬ್ರ ಹತ್ರ ಇರೋ ಮಾಹಿತಿ ಇನ್ನೊಬ್ರಿಗೆ ಗೊತ್ತಿಲ್ಲದೇ ಇರೋದು. ಅಷ್ಟೆಲ್ಲ ಸುಸ್ತು ಮಾಡಿ ಕೊನೆಗೆ ಏನ್ ಮಾಡ್ತಾರೆ? ಬದುಕುಳಿದ ಒಬ್ಬನ ಮುಂದೆ ಫೋಟೋಗಳಿಟ್ಟು, ಅವನು ಎಲ್ರಿಗೂ ಡೌಟ್ ಇದ್ದ ಆರ್ಥರ್ ಲೀ ಅಲೆನ್ ಫೋಟೋ ಮೇಲೆ ಬೆರಳಿಡೋ ಹಾಗೆ ಮಾಡಿ ಕಳಿಸ್ತಾರೆ. ಅಲೆನ್ ಮೇಲೆ ಆ ಕೇಸಲ್ಲಿ ಯಾವತ್ತೂ ಚಾರ್ಜ್ ಹಾಕಿಲ್ಲ, 1992ರಲ್ಲಿ ತೀರ್ಕೊಂಡ, 2002ರ ಡಿಎನ್‌ಎ ಟೆಸ್ಟಲ್ಲೂ ಮ್ಯಾಚ್ ಆಗ್ಲಿಲ್ಲ. ಅದನ್ನೂ ಸಿನಿಮಾ ಹೇಳುತ್ತೆ, ಕೊನೆಯಲ್ಲಿ, ಕಪ್ಪು ಪರದೆ ಮೇಲೆ ಅಕ್ಷರದಲ್ಲಿ. ಆದ್ರೆ ಪ್ರೇಕ್ಷಕ ಆಚೆ ಬರೋವಾಗ ತಲೇಲಿ ಇಟ್ಕೊಂಡು ಬರೋದು ಅಕ್ಷರನಾ, ಆ ಬೆರಳಾ?

ನಾನು ಆ ಬೆರಳನ್ನೇ ಕದ್ದೆ. ನನ್ನ ತಪ್ಪು ಶುರು ಆಗಿದ್ದು ಅಲ್ಲೇ.

ಫೈಲಲ್ಲಿ ಒಬ್ಬನ ಹೆಸರು ಮೂರ್ನಾಲ್ಕು ಕಡೆ ಬರ್ತಿತ್ತು, ಪೊಲೀಸ್ರು ಕರ್ಸಿ ಕೂರ್ಸಿ ವಿಚಾರಿಸಿ ಬಿಟ್ಟಿದ್ರು. ನಾನು ಹೆಸರು ಬದಲಾಯಿಸ್ದೆ, ಊರು ಬದಲಾಯಿಸ್ದೆ, ವೃತ್ತಿ ಮಾತ್ರ ಹಾಗೇ ಬಿಟ್ಟೆ ಯಾಕಂದ್ರೆ ಅದು ಕತೆಗೆ ಬೇಕಾಗಿತ್ತು. ಕೊನೇ ಶಾಟಲ್ಲಿ ಆ ಪಾತ್ರ ಹೋಟೆಲಲ್ಲಿ ಕೂತು ಟೀ ಕುಡೀತಾ ಟಿವಿ ನ್ಯೂಸ್ ನೋಡಿ ಸಣ್ಣಗೆ ನಗ್ತಾನೆ, ಸ್ಲೋ ಮೋಷನ್ನು, ಬಿಜಿಎಮ್ಮು, ಆಂಕರ್ ಬಂದು "ಸತ್ಯ ಇನ್ನೂ ನಮ್ಮ ನಡುವೆಯೇ ಓಡಾಡುತ್ತಿದೆ" ಅಂತಾರೆ. ಹೆಡ್ಡು ಬೆನ್ನು ತಟ್ಟಿದ್ರು, ಹುಟ್ಟಿದ್ರೆ ಹಿಂಗ್ ಹುಟ್ಬೇಕು ಕ್ಲೈಮ್ಯಾಕ್ಸು ಅಂದ್ರು. ಪ್ರೋಮೋ ಕೂಡ ಆ ನಗುದೇ ಕಟ್ ಮಾಡಿದ್ರು.

ಪ್ರೋಮೋ ಬಂದ ಮಾರನೇ ದಿನ ಆಫೀಸಿಗೆ ಒಂದು ಫೋನು. ಆ ಮನುಷ್ಯನ ಮಗಳು. ಬೈಲಿಲ್ಲ, ಕೂಗಾಡ್ಲಿಲ್ಲ, ಅದೇ ಕಷ್ಟ ಆಗಿದ್ದು. "ನೀವು ಹೆಸರು ಬದಲಾಯಿಸಿದೀರ ಸರ್, ನಮ್ಮೂರಲ್ಲಿ ಆ ಕೆಲಸ ಮಾಡ್ತಿದ್ದೋರು ಒಬ್ರೇ. ಅಪ್ಪ ನಿನ್ನೆಯಿಂದ ಅಂಗಡಿ ಬಾಗ್ಲು ತೆಗೆದಿಲ್ಲ" ಅಂದ್ರು. ನಾನು ಏನೋ ಇದು ಕಾಲ್ಪನಿಕ ನಾಟಕ ರೂಪಾಂತರ, ಡಿಸ್ಕ್ಲೈಮರ್ ಹಾಕ್ತೀವಿ ಅಂತ ಒದರಿದೆ. ಆ ಕಡೆಯಿಂದ ಮಾತೇ ಇಲ್ಲ ಸ್ವಲ್ಪ ಹೊತ್ತು, ಆಮೇಲೆ ಕಟ್.

ಅವತ್ತು ರಾತ್ರಿ ಮತ್ತೆ ಕೊರಿಯಾ ಸಿನಿಮಾನೇ ಹಾಕ್ಕೊಂಡೆ. ಮೊದಲ ಸಲ ನೋಡೋವಾಗ ಪೆನ್ನು ಹಿಡ್ಕೊಂಡಿದ್ದಕ್ಕೋ ಏನೋ, ಮುಖ್ಯವಾದ್ದೇ ಬಿಟ್ಟೋಗಿತ್ತು. ಶುರುನಲ್ಲೇ ಒಂದು ಸೀನ್ ಇದೆ. ಹಳ್ಳಿ ಡಿಟೆಕ್ಟಿವ್‌ಗೆ ತನ್ನ ಕಣ್ಣಿನ ಮೇಲೆ ಭಾರಿ ಜಂಬ, ಮುಖ ನೋಡಿದ್ರೆ ಸಾಕು ಕಳ್ಳನೋ ಅಲ್ವೋ ಹೇಳ್ಬಿಡ್ತೀನಿ ಅನ್ನೋ ಗಿರಾಕಿ. ನಮ್ಮಲ್ಲೂ ಇರ್ತಾರಲ್ಲ, "ಇಪ್ಪತ್ತು ವರ್ಷ ಸರ್ವಿಸು ಕಣ್ರೀ, ನಡಿಗೆ ನೋಡಿದ್ರೆ ಗೊತ್ತಾಗುತ್ತೆ" ಅಂತ. ಅವನ ಮೇಲಾಧಿಕಾರಿ ಸ್ಟೇಷನ್ನಲ್ಲಿ ಕೂತಿರೋ ಇಬ್ರು ಹುಡುಗರನ್ನ ತೋರಿಸಿ, ಒಬ್ಬ ಅತ್ಯಾಚಾರಿ, ಇನ್ನೊಬ್ಬ ಆ ಹುಡುಗಿಯ ಅಣ್ಣ, ಹೇಳು ನೋಡೋಣ ಯಾರು ಯಾರು ಅಂತಾನೆ. ಸಿನಿಮಾ ಉತ್ತರ ಹೇಳಲ್ಲ, ಮುಂದಕ್ಕೆ ಹೋಗ್ಬಿಡುತ್ತೆ. ಇನ್ನೊಂದು ಕಡೆ ಸಿಯೋಲ್‌ನವನು, ಅವನ ಮಂತ್ರ ಕಾಗದ ಸುಳ್ಳು ಹೇಳಲ್ಲ ಅಂತ.

ಈಗ ಕೊನೆಗೆ ಬನ್ನಿ. ಮಳೆ, ರೈಲ್ವೆ ಸುರಂಗ, ಆರೋಪಿ ನೆಲದ ಮೇಲೆ, ಅಮೆರಿಕದಿಂದ ಡಿಎನ್‌ಎ ರಿಪೋರ್ಟು ಬರುತ್ತೆ, ಮ್ಯಾಚ್ ಇಲ್ಲ ಅಂತ. ಕಾಗದ ನಂಬ್ತಿದ್ದವನು ಈ ಕಾಗದ ಸುಳ್ಳು ಅಂತ ಪಿಸ್ತೂಲು ಎತ್ತುತಾನೆ. ಕಣ್ಣು ನಂಬ್ತಿದ್ದವನು ಆರೋಪಿ ಮುಖ ಎರಡೂ ಕೈಲಿ ಹಿಡಿದು ನೋಡ್ತಾನೆ ನೋಡ್ತಾನೆ, ಗೊತ್ತಾಗ್ತಿಲ್ಲ ಅಂತಾನೆ.

ಅಂದ್ರೆ ಇದು ಕ್ಲೈಮ್ಯಾಕ್ಸ್ ಇಲ್ಲದ ಸಿನಿಮಾನೇ ಅಲ್ಲ. ಅಚ್ಚುಕಟ್ಟಾದ ಕ್ಲೈಮ್ಯಾಕ್ಸ್ ಇದೆ, ಶುರುನಲ್ಲಿ ಇಬ್ರೂ ಏನು ಜಂಬ ಕೊಚ್ಚಿಕೊಂಡಿದ್ರೋ ಅದನ್ನ ಬಡ್ಡಿ ಸಮೇತ ವಸೂಲಿ ಮಾಡ್ಕೊಂಡಿದಾರೆ, ಯಾವ ಮೇಷ್ಟ್ರೂ ತಪ್ಪು ಹುಡುಕೋಕಾಗಲ್ಲ. ಮುರಿದಿರೋದು ಕೊನೆಯಲ್ಲಿ ಹೆಸರು ಹೇಳ್ಬೇಕು ಅನ್ನೋ ರೂಲಲ್ಲ, ಡಿಟೆಕ್ಟಿವ್‌ನ ಕಣ್ಣು ನಂಬ್ಬೇಕು ಅನ್ನೋ ರೂಲು. ಎಲ್ಲ ಕ್ರೈಮ್ ಕತೆನೂ ನಿಂತಿರೋದು ಅದರ ಮೇಲೆ. ನಮ್ಮ ಪ್ರೋಗ್ರಾಮೂ. ಆ ಟೀ ಕುಡಿಯೋ ನಗು ಬರೆದವನು ನಾನು, ಅವನ ಮುಖ ನೋಡಿದ್ರೆ ಗೊತ್ತಾಗಲ್ವಾ ಅಂತ ಇಡೀ ರಾಜ್ಯಕ್ಕೆ ಹೇಳಿದವನೂ ನಾನೇ.

ಕೊರಿಯಾದ ಆ ನಿಜ ಕೇಸಲ್ಲಿ ಏನಾಯ್ತು ಗೊತ್ತಾ? 2019ರಲ್ಲಿ ಹಳೇ ಸಾಕ್ಷಿಗಳಿಂದ ಡಿಎನ್‌ಎ ತೆಗೆದು ಕೊಲೆಗಾರನನ್ನ ಪತ್ತೆ ಮಾಡಿದ್ರು, ಹೆಸರು ಲೀ ಚುನ್ ಜೇ. ಅವನಾಗ್ಲೇ ನಾದಿನಿ ಕೊಲೆ ಕೇಸಲ್ಲಿ 1994ರಿಂದ ಜೈಲಲ್ಲಿದ್ದ. ಆ ಕಾಲದಲ್ಲೇ ಪೊಲೀಸ್ರು ಅವನನ್ನ ವಿಚಾರಣೆ ಮಾಡಿ ಬಿಟ್ಟಿದ್ರು, ಯಾಕಂದ್ರೆ ಅವ್ರು ಹುಡುಕ್ತಿದ್ದಿದ್ದು ಬಿ ಬ್ಲಡ್ ಗ್ರೂಪಿನವನನ್ನ, ಇವನದ್ದು ಓ. ಹತ್ತರಲ್ಲಿ ಎಂಟನೇ ಕೊಲೆಗೆ ಇನ್ಯಾರನ್ನೋ ಹಿಡಿದು ಹಾಕಿದ್ರು, ಆ ಮನುಷ್ಯ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಜೈಲಲ್ಲಿದ್ದು ಬಂದ, 2020ರ ಡಿಸೆಂಬರಲ್ಲಿ ನಿರಪರಾಧಿ ಅಂತ ತೀರ್ಪಾಯ್ತು. ಕೊಲೆಗಾರನಿಗೆ ಈ ಕೊಲೆಗಳಿಗೆ ಶಿಕ್ಷೆ ಕೊಡೋಕೂ ಆಗ್ಲಿಲ್ಲ, ಕಾನೂನಿನ ಗಡುವು 2006ರಲ್ಲೇ ಮುಗಿದಿತ್ತು. ಇನ್ನೊಂದು ವಿಷಯ ನಂಗೆ ಈಗ್ಲೂ ತಲೆಯಿಂದ ಹೋಗಲ್ಲ. ಸಿನಿಮಾದ ಕೊನೇ ಶಾಟಲ್ಲಿ ಡಿಟೆಕ್ಟಿವ್ ನೇರ ಕ್ಯಾಮೆರಾ ನೋಡ್ತಾನಲ್ಲ, ಕೊಲೆಗಾರ ಥಿಯೇಟರಲ್ಲಿ ಕೂತಿರ್ಬಹುದು, ಅವನ ಕಣ್ಣಲ್ಲಿ ಕಣ್ಣಿಡ್ಬೇಕು ಅಂತ ಡೈರೆಕ್ಟರ್ ಇಟ್ಟಿದ್ದು ಅದನ್ನ. ಆ ಕೊಲೆಗಾರ ಜೈಲಲ್ಲೇ ಸಿನಿಮಾ ನೋಡಿದ್ನಂತೆ, ಕೋರ್ಟಲ್ಲಿ ಕೇಳಿದ್ದಕ್ಕೆ ಸಿನಿಮಾ ಅಂತ ನೋಡ್ದೆ, ಏನೂ ಅನ್ನಿಸ್ಲಿಲ್ಲ ಅಂದ.

ಸರಿ, ನಮ್ಮ ಎಪಿಸೋಡ್ ಕತೆ. ಪ್ರೋಮೋ ತೆಗೆಸೋಕೆ ಎರಡು ದಿನ ಗುದ್ದಾಡಿದೆ. ಹೆಡ್ಡಿಗೆ ಮಗಳ ಫೋನ್ ವಿಷಯ ಹೇಳಿದ್ರೆ "ಕೇಸ್ ಹಾಕ್ತಾರಾ?" ಅನ್ನೋದೇ ಪ್ರಶ್ನೆ. ಹಾಕಬಹುದು ಅಂದೆ, ಸುಳ್ಳು ಹೇಳ್ದೆ, ಆ ಹುಡುಗಿ ಕೇಸಿನ ಮಾತೇ ಎತ್ತಿರ್ಲಿಲ್ಲ. ಲೀಗಲ್‌ನವರ ಹೆಸರು ಕೇಳ್ತಿದ್ದ ಹಾಗೆ ಪ್ರೋಮೋ ಇಳೀತು, ಎಪಿಸೋಡ್ ತಿರುಗಿ ಬರೀ ಅಂದ್ರು, ನಾಲ್ಕು ದಿನ ಟೈಮು.

ಈ ಸಲ ಝೋಡಿಯಾಕ್‌ನಿಂದ ಬೇರೆ ಒಂದನ್ನ ತಗೊಂಡೆ. ಫಿಂಚರ್ ಅದರಲ್ಲಿ ಬದುಕುಳಿದವರೋ ನೋಡಿದವರೋ ಇರೋ ದಾಳಿಗಳನ್ನ ಮಾತ್ರ ತೋರಿಸಿದಾರೆ. 1968ರ ಡಿಸೆಂಬರಲ್ಲಿ ಒಂದು ಜೋಡಿ ಸತ್ತಿತ್ತು, ಹೇಳೋಕೆ ಯಾರೂ ಉಳಿದಿರ್ಲಿಲ್ಲ, ಅದನ್ನ ಸಿನಿಮಾದಲ್ಲಿ ತೋರಿಸೇ ಇಲ್ಲ. ಇನ್ನೊಂದು, ಕೊಲೆಗಾರನ ಪಾತ್ರ ಒಂದೊಂದು ದಾಳಿಗೆ ಒಬ್ಬೊಬ್ಬ ನಟ ಮಾಡಿರೋದು, ಯಾಕಂದ್ರೆ ನೋಡಿದವರ ವರ್ಣನೆ ಒಬ್ಬರದ್ದೊಂದು ಥರ ಇತ್ತು. ಇದನ್ನ ಓದಿದಾಗ ಮೈ ಜುಂ ಅಂತು ನಂಗೆ. ಆರು ವರ್ಷದಲ್ಲಿ ಯಾರೂ ನೋಡಿರದ ಕೊಲೆಗಳನ್ನ ನಾನು ಎಷ್ಟು ಬರೆದಿದೀನೋ, ಚಾಕು ಯಾವ ಕೈಲಿತ್ತು, ಸಾಯೋವಾಗ ಏನಂದ್ಲು, ಎಲ್ಲ ನನ್ನ ಕೀಬೋರ್ಡಿಂದ.

ಕೊಲೆ ಸೀನ್ ಪೂರ್ತಿ ತೆಗೆದೆ. ಟೀ ಕುಡಿಯೋನನ್ನ ತೆಗೆದೆ. ಆ ಕೇಸಲ್ಲಿ ಮಹಜರು ಬರೆಯೋವಾಗ ಇದ್ದ ಒಬ್ರು ದಫೇದಾರ್ರು ರಿಟೈರ್ ಆಗಿ ಮಗನ ಮನೇಲಿದ್ರು, ಅವರನ್ನ ಹುಡುಕ್ಕೊಂಡು ಹೋಗಿ ಇಡೀ ಎಪಿಸೋಡ್ ಅವರ ಸುತ್ತ ಕಟ್ದೆ. ಮೊದಲ ಬ್ರೇಕಿಗೆ ಮುಂಚೆ ಅವರೇ ಹೇಳ್ತಾರೆ, ಇದು ಹದಿನೈದು ದಿನದ ಕೆಲಸ ಅಂದ್ಕೊಂಡಿದ್ದೆ ಅಂತ. ಕೊನೇಲಿ ಅದೇ ಮನುಷ್ಯ, ಈಗ್ಲೂ ಆ ಊರಿನ ಬಸ್ ಹತ್ತಿದ್ರೆ ಎಲ್ಲರ ಮುಖ ನೋಡ್ತೀನಿ, ಎಲ್ಲರೂ ಮಾಡಿರೋ ಹಾಗೇ ಕಾಣ್ತಾರೆ, ಯಾರೂ ಮಾಡಿಲ್ದಿರೋ ಹಾಗೂ ಕಾಣ್ತಾರೆ ಅಂತ. ಹುಕ್ಕು, ಬ್ರೇಕು, ಬೈಟು, ಎಲ್ಲ ಹಳೇ ಅಚ್ಚೇ. ಜೀಪ್ ಹತ್ತೋ ಶಾಟ್ ಜಾಗಕ್ಕೆ ಸಿ ರಿಪೋರ್ಟಿನ ಹಾಳೆ ತೋರಿಸಿದ್ವಿ, ಆಂಕರ್ ವಾಯ್ಸ್ ಇಲ್ದೆ. ಆಂಕರ್‌ಗೆ ಸಿಟ್ಟು ಬಂತು, ಅದು ಬೇರೆ ಕತೆ.

ರೇಟಿಂಗ್ ಬರ್ಲಿಲ್ಲ. ನಮ್ಮ ಸಾಮಾನ್ಯ ಎಪಿಸೋಡಿಗಿಂತ ಕಮ್ಮಿನೇ ಬಂತು, ಮುಂದಿನ ವಾರದಿಂದ ಮತ್ತೆ ಬೇಡಿ ಹಾಕೋ ಕೇಸುಗಳೇ. ಆ ಮಗಳಿಗೆ ಫೋನ್ ಮಾಡೋಣ ಅಂತ ಎರಡು ಸಲ ನಂಬರ್ ಒತ್ತಿ ಕಟ್ ಮಾಡಿದೀನಿ, ಏನಂತ ಹೇಳೋದು.

ದಫೇದಾರ್ರು ಮಾತ್ರ ಟೆಲಿಕಾಸ್ಟ್ ಆದ ರಾತ್ರಿ ಫೋನ್ ಮಾಡಿದ್ರು. ಚೆನ್ನಾಗಿತ್ತಾ ಸರ್ ಅಂದೆ. ಚೆನ್ನಾಗಿದೆ ಅಂದ್ರು, ಮೊಮ್ಮಕ್ಕಳೆಲ್ಲ ನೋಡಿದ್ರು ಅಂದ್ರು, ಆಮೇಲೆ ಸ್ವಲ್ಪ ತಡೆದು, "ಒಂದ್ ವಿಷ್ಯ. ನಾವು ಹೆಣ ಎತ್ತಿದಾಗ ಮಳೆ ತೋರ್ಸಿದೀರಲ್ಲ, ಅವತ್ತು ಮಳೆ ಇರ್ಲಿಲ್ಲ. ಉರಿ ಬಿಸಿಲು. ಮಹಜರಲ್ಲೂ ಬರ್ದಿದೆ ನೋಡಿ" ಅಂದ್ರು. ಫೈಲ್ ತೆಗೆದು ನೋಡಿದೆ. ಬರ್ದಿತ್ತು.