ರಟ್ಟಿನ ಡಬ್ಬಿಯಲ್ಲಿ ಬಂದ ಮೊಲದ ಮರಿ

ಭಾನುವಾರ ಸಂಜೆ ದಾವಣಗೆರೆಯ ಯಾವುದೋ ಬಡಾವಣೆಯ ಮನೆಗೆ, ತೂತು ಕೊರೆದ ರಟ್ಟಿನ ಡಬ್ಬಿಯಲ್ಲಿ ಬಿಳಿ ಮೊಲದ ಮರಿಯೊಂದು ಬರುತ್ತದೆ. ಮಕ್ಕಳು ಕ್ಯಾರೆಟ್ ಹಿಡಿದು ಕಾಯುತ್ತಿರುತ್ತಾರೆ. ಒಳಗಿನಿಂದ ಅಜ್ಜಿ, "ಪಾಪ, ಹಸ್ಕೊಂಡೈತಿ, ಒಂದು ಹಿಡಿ ಮಂಡಕ್ಕಿ ಹಾಕ್ರೋ" ಅನ್ನುತ್ತಾರೆ. ಈ ಊರಲ್ಲಿ ಮನೆಗೆ ಯಾರು ಬಂದರೂ ಮಂಡಕ್ಕಿ ಮುಂದಿಡಬಹುದು, ಮೊಲಕ್ಕೆ ಮಾತ್ರ ಬೇಡ. ಅಂಗಡಿಯಿಂದ ಬಂದ ಮರಿಗಳು ಸಾಯುವುದು ಹೆಚ್ಚಾಗಿ ಮೊದಲ ವಾರ ಹತ್ತು ದಿನದಲ್ಲೇ, ಅದೂ ಹೊಟ್ಟೆ ಕೆಟ್ಟು.

ಡಬ್ಬಿ ತೆರೆಯುವ ಮೊದಲೇ ಮುಗಿಸಬೇಕಾದ ಕೆಲಸವೊಂದಿದೆ. ಮರಿಗೆ ಇಲ್ಲಿಯವರೆಗೆ ಏನು ಹಾಕುತ್ತಿದ್ದರು ಎಂದು ಮಾರಿದವರನ್ನು ಕೇಳಿ, ಅದೇ ತಿಂಡಿಯನ್ನು ಅರ್ಧ ಕಿಲೋ ಕಟ್ಟಿಸಿಕೊಂಡು ಬರಬೇಕು. ಅದು ಕಳಪೆಯಾಗಿದ್ದರೂ ಪರವಾಗಿಲ್ಲ. ಮೊದಲ ಮೂರು ದಿನ ಅದನ್ನೇ ಹಾಕಿ, ನಾಲ್ಕನೇ ದಿನದಿಂದ ಕಾಲುಭಾಗ ಹೊಸದು ಬೆರೆಸಿ, ಎರಡು ದಿನ ಬಿಟ್ಟು ಅರ್ಧ, ಹೀಗೆ ಹತ್ತು ದಿನದಲ್ಲಿ ಪೂರ್ತಿ ಬದಲಿಸಬೇಕು. ಮೊಲ ಹುಲ್ಲು ಅರಗಿಸಿಕೊಳ್ಳುವುದು ಹೊಟ್ಟೆಯಲ್ಲಿ ಅಲ್ಲ, ಅದಕ್ಕಿಂತ ದೊಡ್ಡದಾದ ಕುರುಡುಕರುಳಿನಲ್ಲಿ, ಅಂದರೆ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿರುವ ಚೀಲದಲ್ಲಿ. ಅಲ್ಲಿನ ಸೂಕ್ಷ್ಮಜೀವಿಗಳು ನಾರಿಗೆ ಒಗ್ಗಿದವು. ಮಂಡಕ್ಕಿ, ಅನ್ನ, ರೊಟ್ಟಿ, ಬಿಸ್ಕತ್ತಿನ ಪಿಷ್ಟ ಅಲ್ಲಿಗೆ ಹೋಗಿ ಬಿದ್ದರೆ ವಿಷಕಾರಿ ಬ್ಯಾಕ್ಟೀರಿಯಾಗಳು ಹೆಪ್ಪು ಹಾಕಿದ ಹಾಲಿನಂತೆ ರಾತ್ರೋರಾತ್ರಿ ಬೆಳೆಯುತ್ತವೆ. ದೊಡ್ಡ ಮೊಲ ಒಂದಿಷ್ಟು ತಡೆದೀತು, ಮರಿ ತಡೆಯುವುದಿಲ್ಲ. ತಾಯಿಹಾಲು ಕುಡಿಯುವವರೆಗೆ ಆ ಹಾಲೇ ಕೆಟ್ಟ ಬ್ಯಾಕ್ಟೀರಿಯಾವನ್ನು ಹತ್ತಿಕ್ಕುತ್ತದೆ. ಹಾಲು ಬಿಟ್ಟ ಮೇಲೆ ಹೊಟ್ಟೆಯ ಆಮ್ಲ ತೀಕ್ಷ್ಣವಾಗಿ ಆ ಕೆಲಸ ವಹಿಸಿಕೊಳ್ಳುವವರೆಗೆ ನಡುವೆ ಕೆಲವು ವಾರ ಕಾವಲೇ ಇರುವುದಿಲ್ಲ. ಅದಕ್ಕೇ ಎಂಟು ವಾರ ತುಂಬದ ಮರಿಯನ್ನು ತರಬಾರದು ಎನ್ನುವುದು. ಆದರೆ ಮುದ್ದಾಗಿ ಕಂಡರೆ ಬೇಗ ಮಾರಾಟವಾಗುತ್ತದೆ ಎಂದು ನಾಲ್ಕೈದು ವಾರಕ್ಕೇ ಮಾರುವವರು ಬೇಕಾದಷ್ಟಿದ್ದಾರೆ. ಬಿಳಿ ಜಾತಿಯ ಮರಿ ಒಂದೇ ಅಂಗೈಯಲ್ಲಿ ಪೂರ್ತಿ ಕೂತರೆ ಅದಕ್ಕೆ ಎಂಟು ವಾರ ಆಗಿಲ್ಲ.

ಮೆಕ್ಕೆಜೋಳದ ಮಾತನ್ನು ಬೇರೆಯಾಗಿಯೇ ಹೇಳಬೇಕು. ಸುತ್ತಲೂ ಅದನ್ನೇ ಬೆಳೆಯುವ ಸೀಮೆ ಇದು, ಮನೆಯಲ್ಲಿ ಚೀಲಗಟ್ಟಲೆ ಬಿದ್ದಿರುತ್ತದೆ. ಕಾಳು ಬಹುಪಾಲು ಪಿಷ್ಟ, ಮೇಲಿನ ಸಿಪ್ಪೆ ಅರಗುವುದಿಲ್ಲ. ಆದ್ದರಿಂದ ಅದೂ ಬೇಡ, ಕೋಳಿ ಆಹಾರದ ಕಥೆಯೂ ಅಷ್ಟೇ.

ಹಾಗಾದರೆ ಮೊದಲ ರಾತ್ರಿ ಆ ಹಳೆಯ ತಿಂಡಿಯ ಜೊತೆಗೆ ಏನು ಹಾಕಬೇಕು? ಒಣಹುಲ್ಲು, ಅದೂ ಮೊಲದ ಮೈಗಾತ್ರದಷ್ಟು ಗುಡ್ಡೆ, ಖಾಲಿಯಾಗಲು ಬಿಡದಂತೆ. ಏಳು ತಿಂಗಳವರೆಗಿನ ಮರಿಗೆ ಕುದುರೆ ಮಸಾಲೆ ಸೊಪ್ಪನ್ನು ಒಣಗಿಸಿ ಹಾಕುವುದಕ್ಕಿಂತ ಒಳ್ಳೆಯದಿಲ್ಲ. ಲೂಸರ್ನ್ ಎಂದರೆ ಹಸು ಸಾಕುವವರಿಗೆ ತಕ್ಷಣ ಗೊತ್ತಾಗುತ್ತದೆ. ಬೆಳೆಯುವ ಮೂಳೆಗೆ ಬೇಕಾದ ಸುಣ್ಣಾಂಶ, ಪ್ರೋಟೀನು ಎರಡೂ ಅದರಲ್ಲಿವೆ. ಪ್ಯಾಕೆಟ್ಟಿನಲ್ಲಿ ಬರುವುದಕ್ಕೆ ಸುಮ್ಮನೆ ದುಡ್ಡು ಸುರಿಯಬೇಕಿಲ್ಲ. ನೀರಾವರಿ ಇರುವ ಹೈನುಗಾರರ ಹತ್ತಿರ ಹಸಿ ಸಿವುಡು ಕೊಂಡು ಮನೆಯಲ್ಲೇ ಒಣಗಿಸಬಹುದು. ಹೂ ಬಿಡಲು ಶುರುವಾದ ಪೈರನ್ನು ಇಬ್ಬನಿ ಆರಿದ ಮೇಲೆ ಕೊಯ್ದಿದ್ದರೆ ಉತ್ತಮ. ಮಾಳಿಗೆಯ ಬಿಸಿಲಲ್ಲಿ ಹರಡಿದರೆ ಒಂದೇ ದಿನಕ್ಕೆ ಎಲೆ ಗರಿಗರಿಯಾಗಿ ಉದುರಿ ಬರೀ ಕಡ್ಡಿ ಕೈಗೆ ಬರುತ್ತದೆ, ಸತ್ವವೆಲ್ಲ ಇರುವುದು ಎಲೆಯಲ್ಲೇ. ಗಾಳಿಯಾಡುವ ನೆರಳಲ್ಲಿ ತೆಳ್ಳಗೆ ಹರಡಿ, ದಿನಕ್ಕೆರಡು ಸಲ ಮಗುಚಿ, ಮೂರು ನಾಲ್ಕು ದಿನ ಬಿಡಿ. ಒಂದು ಕಡ್ಡಿ ತೆಗೆದು ತಿರುಚಿದಾಗ ಬಾಗದೆ ಲಟಕ್ಕನೆ ಮುರಿಯಬೇಕು, ಬಣ್ಣ ಹಸಿರಾಗಿಯೇ ಉಳಿದಿರಬೇಕು. ಬಾಗಿದರೆ ಇನ್ನೂ ನೀರಿದೆ. ಅದನ್ನೇ ಚೀಲಕ್ಕೆ ತುಂಬಿದರೆ ಒಳಗೆ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ನಾಲ್ಕೈದು ಕಿಲೋ ಹಸಿ ಸೊಪ್ಪಿಗೆ ಒಂದು ಕಿಲೋ ಒಣಗಿದ್ದು ಸಿಗುತ್ತದೆ. ಗೋಣಿಚೀಲಕ್ಕೆ ತುಂಬಿ ಹಲಗೆಯ ಮೇಲಿಡಿ, ಪ್ಲಾಸ್ಟಿಕ್ ಚೀಲ ಬೇಡ.

ಚಳ್ಳಕೆರೆ ಕಡೆಯವರು ಶೇಂಗಾ ಬಳ್ಳಿ ಹಾಕಬಹುದಲ್ಲ ಎಂದು ಕೇಳುತ್ತಾರೆ. ಹಾಕಬಹುದು, ಅದೂ ಕಾಳುಜಾತಿಯ ಮೇವೇ. ಆದರೆ ಬಣವೆಯಲ್ಲಿ ಮಳೆಗೆ ನೆನೆದ ಬಳ್ಳಿಯ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ವಿಷ ಇರಬಹುದು, ಕಪ್ಪು ಚುಕ್ಕೆ ಕಂಡರೆ, ಮುಗ್ಗಲು ವಾಸನೆ ಬಂದರೆ ಎಸೆಯಿರಿ. ಭತ್ತದ ಹುಲ್ಲು ಹಾಸಲು ಸರಿ, ಹೊಟ್ಟೆಗೆ ಅದರಲ್ಲಿ ಏನೂ ಇಲ್ಲ. ಎಳೆ ಜೋಳದ ಪೈರಿನಲ್ಲಿ ಸಯನೈಡ್ ಇರುವುದರಿಂದ ದನಕ್ಕೇ ಬಿಡುವುದಿಲ್ಲ, ಮೊಲಕ್ಕೆ ಕೇಳಲೇಬೇಡಿ.

ಪೆಲ್ಲೆಟ್, ಅಂದರೆ ಪುಡಿ ಒತ್ತಿ ಮಾಡಿದ ಗುಳಿಗೆಯಂಥ ತಿಂಡಿ, ಮೊಲದ ಕಿಲೋ ತೂಕಕ್ಕೆ ದಿನಕ್ಕೆ 40 ಗ್ರಾಂ ಸಾಕು, ಎರಡು ಹೊತ್ತಿಗೆ ಹಂಚಿ. ಬಣ್ಣದ ಚೂರು, ಒಣಹಣ್ಣು, ಕಾಳು ಬೆರೆತದ್ದು ಬೇಡ. ಮೊಲ ಸಿಹಿಯದನ್ನು ಆರಿಸಿ ತಿಂದು ಉಳಿದದ್ದನ್ನು ಕೆದರಿ ಹಾಕುತ್ತದೆ. ನೀರನ್ನು ಭಾರದ ಮಣ್ಣಿನ ಅಥವಾ ಕಲ್ಲಿನ ಬಟ್ಟಲಲ್ಲಿಡಿ. ಒಂದು ಕಿಲೋ ಮರಿ ದಿನಕ್ಕೆ 100 ಮಿಲಿಲೀಟರ್ ಆಸುಪಾಸು ಕುಡಿಯುತ್ತದೆ, ಏಪ್ರಿಲ್ ಬಿಸಿಲಲ್ಲಿ ಇನ್ನೂ ಹೆಚ್ಚು. ನೀರು ನಿಂತರೆ ಹುಲ್ಲು ತಿನ್ನುವುದೂ ನಿಲ್ಲುತ್ತದೆ. ಶೆಕೆ 30 ಡಿಗ್ರಿ ದಾಟಿದರೆ ಮೊಲಕ್ಕೆ ಕಷ್ಟ, ಈ ಜಿಲ್ಲೆಗಳ ಬೇಸಿಗೆ ಅದಕ್ಕಿಂತ ಎಷ್ಟೋ ಮೇಲೆ. ಹೆಂಚಿನ ಅಥವಾ ತಗಡಿನ ಮಾಡಿನ ಕೆಳಗೆ ಗೂಡು ಇಡಬೇಡಿ, ನೆಲಮಹಡಿಯ ತಂಪು ಮೂಲೆ ಹುಡುಕಿ.

ಸೋಮವಾರ ಬೆಳಗ್ಗೆ ಮೊದಲು ನೋಡಬೇಕಾದದ್ದು ತಟ್ಟೆಯನ್ನಲ್ಲ, ಹಿಕ್ಕೆಯನ್ನು. ದುಂಡಗೆ, ಒಣಗಿ, ಒಂದೇ ಗಾತ್ರವಾಗಿರಬೇಕು. ಬೆರಳಲ್ಲಿ ಪುಡಿ ಮಾಡಿದರೆ ಹುಲ್ಲಿನ ನಾರು ಕಾಣಬೇಕು. ಸಣ್ಣ, ಗಟ್ಟಿ, ಕಪ್ಪು ಹಿಕ್ಕೆ ಅಂದರೆ ಹುಲ್ಲು, ನೀರು ಸಾಲುತ್ತಿಲ್ಲ. ಮೆತ್ತಗೆ ಹೊಳೆಯುವ, ದ್ರಾಕ್ಷಿ ಗೊಂಚಲಿನಂಥ ಹಿಕ್ಕೆ ಸಿಕ್ಕಿದರೆ ಭೇದಿ ಎಂದು ಗಾಬರಿಯಾಗುವುದು ಬೇಡ. ಅದು ಕುರುಡುಕರುಳಿನಿಂದ ಬರುವಂಥದ್ದು, ಮೊಲ ಅದನ್ನು ತಾನೇ ನೇರವಾಗಿ ತಿಂದು ಎರಡನೇ ಸಲ ಅರಗಿಸಿಕೊಳ್ಳುತ್ತದೆ. ತಿನ್ನುವಾಗ ಅಸಹ್ಯಪಟ್ಟು ತಡೆಯಬಾರದು. ಆದರೆ ಅದು ದಿನಾ ನೆಲದ ಮೇಲೆ ಉಳಿದರೆ ತಿಂಡಿ ಹೆಚ್ಚಾಗಿದೆ ಎಂದು ಲೆಕ್ಕ. ನೀರಾದ ಭೇದಿ ಮಾತ್ರ ಬೇರೆ, ಮರಿಗೆ ಅದು ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕಾದ ಸಂಗತಿ. ಮರಿಗಳಲ್ಲಿ ಕಾಕ್ಸಿಡಿಯಾ ರೋಗಾಣು ಸಾಮಾನ್ಯ, ಹಿಕ್ಕೆಯ ಪರೀಕ್ಷೆಯಿಂದ ಗೊತ್ತಾಗುತ್ತದೆ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಸಿರಪ್ಪನ್ನು ಎರಡು ಹನಿ ಬಾಯಿಗೆ ಬಿಡುವ ಬುದ್ಧಿವಂತಿಕೆ ಬೇಡ. ಬಾಯಿಯಿಂದ ಕೊಟ್ಟ ಆ ಜಾತಿಯ ಔಷಧ ಒಳ್ಳೆಯ ಬ್ಯಾಕ್ಟೀರಿಯಾವನ್ನೇ ಕೊಂದು ಮೊಲವನ್ನು ಸಾಯಿಸಬಲ್ಲದು.

ಹಸಿ ಸೊಪ್ಪಿಗೆ ಆತುರ ಪಡಬೇಡಿ, ಹನ್ನೆರಡು ವಾರ ಆಗಲಿ. ಆಗ ಒಂದು ಸಲಕ್ಕೆ ಒಂದೇ ಸೊಪ್ಪು, 15 ಗ್ರಾಂ, ಅಂದರೆ ಕೊತ್ತಂಬರಿಯ ಏಳೆಂಟು ಎಸಳು. ಮೂರು ದಿನ ಹಿಕ್ಕೆ ನೋಡಿ, ಸರಿಯಿದ್ದರೆ ಮುಂದಿನದು. ಕೊತ್ತಂಬರಿ, ಪುದೀನ, ತುಳಸಿ, ಮೂಲಂಗಿ ಸೊಪ್ಪು, ಕ್ಯಾರೆಟ್ಟಿನ ಮೇಲಿನ ಸೊಪ್ಪು ಒಳ್ಳೆಯವು. ಪಾಲಕ್, ದಂಟಿನಲ್ಲಿ ಸುಣ್ಣಾಂಶವನ್ನು ಹಿಡಿದಿಡುವ ಆಕ್ಸಲೇಟ್ ಎಂಬ ಅಂಶ ಹೆಚ್ಚು, ವಾರಕ್ಕೊಮ್ಮೆ ಸಾಕು. ಗರಿಕೆ ಎಷ್ಟಾದರೂ ನಡೆದೀತು, ಆದರೆ ಭದ್ರಾ ನಾಲೆಯ ಗದ್ದೆಬದುವಿನದ್ದು ಬೇಡ, ಅಲ್ಲಿ ಕಳೆನಾಶಕ ಹೊಡೆದಿರುತ್ತಾರೆ. ಕೊಯ್ಯುವಾಗ ಕಾಂಗ್ರೆಸ್ ಹುಲ್ಲು, ಎಕ್ಕ, ದತ್ತೂರಿಯ ಎಲೆ ಜೊತೆಗೆ ಬಂದಿದೆಯಾ ಎಂದು ಆರಿಸಿ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಟೊಮೆಟೊ ಗಿಡದ ಎಲೆ ಯಾವತ್ತೂ ಬೇಡ. ಕ್ಯಾರೆಟ್ಟಿನ ವಿಷಯಕ್ಕೆ ಮಕ್ಕಳು ಮುನಿಸಿಕೊಳ್ಳುತ್ತಾರೆ. ಅದು ಸಕ್ಕರೆ ತುಂಬಿದ ಗೆಡ್ಡೆ, ದೊಡ್ಡದಾದ ಮೇಲೆ ವಾರಕ್ಕೆರಡು ಸಲ ಬೆರಳುಗಾತ್ರದ ಬಿಲ್ಲೆ ಕೊಡಲಿ.

ಮೊಲ ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯೂ ಹಾಕದೆ ಮೂಲೆ ಹಿಡಿದು ಹಲ್ಲು ಕಡಿಯುತ್ತಿದ್ದರೆ ಬೆಳಗಾಗಲಿ ಎಂದು ಕಾಯಬಾರದು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಒಳಗಿದ್ದದ್ದು ಮುಂದಕ್ಕೇ ಹೋಗಬೇಕು. ಹೊಟ್ಟೆ ಡೋಲಿನಂತೆ ಬಿಗಿದಿದ್ದರೆ ಸಿರಿಂಜಿನಲ್ಲಿ ಏನನ್ನೂ ಕುಡಿಸಬೇಡಿ. ಕಿವಿ ತಣ್ಣಗಿದ್ದರೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪಕ್ಕಕ್ಕಿಟ್ಟು ಪಶು ಆಸ್ಪತ್ರೆಗೆ ಹೊರಡಿ. ಹೊರಡುವ ಮೊದಲು ಅಲ್ಲಿ ಮೊಲ ನೋಡುವವರು ಇದ್ದಾರಾ ಎಂದು ಫೋನ್ ಮಾಡಿ ಕೇಳುವುದು ಒಳ್ಳೆಯದು. ಎಲ್ಲರೂ ನೋಡುವುದಿಲ್ಲ.

ಪ್ರತಿ ಭಾನುವಾರ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಬುಟ್ಟಿಯಿಟ್ಟು ತೂಗಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಮರಿಯ ತೂಕ ವಾರಕ್ಕೆ ಏರದೆ ನಿಂತರೆ ಮೊದಲು ಹಲ್ಲು ನೋಡಿ, ಅವು ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು ಬೆಳೆಯುತ್ತವೆ, ಸವೆಸುವುದು ಹುಲ್ಲೇ. ಏಳನೇ ತಿಂಗಳಿಗೆ ಲೂಸರ್ನ್ ಇಳಿಸುತ್ತಾ ಒಣ ಗರಿಕೆ, ರಾಗಿಹುಲ್ಲು ಏರಿಸಿ, ಪೆಲ್ಲೆಟ್ಟನ್ನು ಕಿಲೋಗೆ 25 ಗ್ರಾಂಗೆ ತನ್ನಿ. ಬೆಳೆದ ಮೊಲಕ್ಕೆ ಹೆಚ್ಚಾದ ಸುಣ್ಣಾಂಶ ಮೂತ್ರದಲ್ಲೇ ಹೊರಗೆ ಬರುತ್ತದೆ: ಗೂಡಿನ ಮೂಲೆಯ ಸಿಮೆಂಟಿನ ಮೇಲೆ ಒಣಗಿದ ಕಲೆ, ಸುಣ್ಣ ಬಳಿದು ಬಿಟ್ಟಂತೆ ಬೆಳ್ಳಗೆ, ಕೆರೆದರೆ ಪುಡಿಯಾಗಿ ಉದುರುವಂಥದ್ದು. ಆ ಕಲೆ ದಪ್ಪವಾಗುತ್ತಾ ಬಂದರೆ ಲೂಸರ್ನ್ ಇನ್ನೂ ಹೆಚ್ಚೇ ಹೋಗುತ್ತಿದೆ.