ಎರಡು ವಿದ್ಯುತ್ ಮೂಲಗಳ ನಡುವೆ ಒಂದು ಸ್ವಿಚ್

ಜನರೇಟರ್ ತಂದ ಹೊಸತರಲ್ಲಿ ನಾನು ಎಡಕ್ಕೆ ಮೇನ್ಸ್‌ಗೆ (ಬೀದಿಯ ತಂತಿಯಿಂದ ಬರುವ ವಿದ್ಯುತ್ತಿಗೆ) ಒಂದು, ಬಲಕ್ಕೆ ಜನರೇಟರ್‌ಗೆ ಒಂದು ಎಂದು ಎರಡು ಎಂಸಿಬಿಗಳನ್ನು (ಚಿಕ್ಕ ಬ್ರೇಕರ್‌ಗಳನ್ನು) ಅಕ್ಕಪಕ್ಕ ಕೂರಿಸಿ, ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಿದರೆ ಸಾಕೆಂದು ನಂಬಿದ್ದೆ. 'ಮೊದಲು ಎಡಗಡೆಯದನ್ನು ಇಳಿಸಿ' ಎಂದು ಚೀಟಿಯನ್ನೂ ಅಂಟಿಸಿದ್ದೆ. ಒಂದು ರಾತ್ರಿ ಟಾರ್ಚ್ ಹಿಡಿದು ಅವಸರದಲ್ಲಿ ನಿಂತಾಗ, ಎಡಗಡೆಯದನ್ನು ಇಳಿಸದೆಯೇ ಬಲಗಡೆಯದಕ್ಕೆ ಕೈ ಹಾಕಿದ್ದು ನೆನಪಾಗಿ ಇಂದಿಗೂ ಎದೆ ನಡುಗುತ್ತದೆ. ಆ ಕೈ ತಡೆಯದೇ ಹೋಗಿದ್ದರೆ ಜನರೇಟರ್‌ನ ವಿದ್ಯುತ್ತು ಮೀಟರಿನ ಮೂಲಕ ಹಿಮ್ಮುಖವಾಗಿ ಬೀದಿಯ ತಂತಿಗೆ ಹರಿಯುತ್ತಿತ್ತು. ವೋಲ್ಟೇಜ್ ಇಳಿಸಲೆಂದು ಇರುವ ಬೀದಿಯ ಟ್ರಾನ್ಸ್‌ಫಾರ್ಮರ್ ಆಗ ಏರಿಸುವ ಕೆಲಸ ಮಾಡಿ, ನಮ್ಮ 230 ವೋಲ್ಟನ್ನು ಸಾವಿರಾರು ವೋಲ್ಟ್ ಮಾಡಬಲ್ಲದು. ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ಅದು ಪ್ರಾಣಾಂತಿಕ. ತಂತಿಯಲ್ಲಿ ಮೇನ್ಸ್ ಜೀವಂತವಾಗಿದ್ದರೆ ಎರಡು ಮೂಲಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಜನರೇಟರ್ ಹಾಳಾಗಬಹುದು.

ಆದುದರಿಂದ ಮನೆಯನ್ನು ಮೇನ್ಸ್‌ಗೋ ಜನರೇಟರ್‌ಗೋ ಒಂದಕ್ಕೆ ಮಾತ್ರ ಜೋಡಿಸುವ ಚೇಂಜ್‌ಓವರ್ ಸ್ವಿಚ್ಚನ್ನು ಕೈಗೆತ್ತಿಕೊಂಡಾಗ ನಾನು ಮೊದಲು ನೋಡುವುದು ಅದರ ಹಿಡಿಕೆಯನ್ನು. 1-0-2 ಎಂಬ ಮೂರು ನೆಲೆಗಳಿರಬೇಕು. ಹಿಡಿಕೆ ನಡುವಿನ 0 ದಾಟದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬಾರದು, ಅಂದರೆ ಮೊದಲ ಸಂಪರ್ಕ ಪೂರ್ತಿ ಬಿಟ್ಟ ಮೇಲೆಯೇ ಎರಡನೆಯದು ಕೂಡಬೇಕು. ಈ ತಡೆ ಲೋಹದಲ್ಲಿರಬೇಕೇ ಹೊರತು ಮನುಷ್ಯನ ನೆನಪಿನಲ್ಲಲ್ಲ. ಎರಡು ಕಾಂಟ್ಯಾಕ್ಟರ್‌ಗಳನ್ನು (ವಿದ್ಯುತ್ತಿನಿಂದಲೇ ಕೂಡಿ ಬಿಡುವ ಸ್ವಿಚ್ಚುಗಳನ್ನು) ಬಳಸುವ ಸ್ವಯಂಚಾಲಿತ ಪ್ಯಾನೆಲ್‌ಗಳಲ್ಲೂ ಇದೇ ಮಾತು: ಸಂಪರ್ಕದ ತುದಿಗಳು ಕಾದು ಬೆಸೆದುಕೊಳ್ಳಬಹುದಾದ್ದರಿಂದ, ಎರಡೂ ಒಟ್ಟಿಗೆ ಕೂಡದಂತೆ ತಡೆಯುವ ವಿದ್ಯುತ್ ಇಂಟರ್‌ಲಾಕ್ ಒಂದನ್ನೇ ನೆಚ್ಚದೆ ಯಾಂತ್ರಿಕ ಇಂಟರ್‌ಲಾಕ್ ಇದೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು.

ಹೆಚ್ಚಿನವರು ಮರೆಯುವುದು ನ್ಯೂಟ್ರಲ್, ಅಂದರೆ ವಿದ್ಯುತ್ತು ಮರಳುವ ತಂತಿ. ಸಿಂಗಲ್ ಫೇಸ್ ಇದ್ದರೆ ಫೇಸ್ ಜೊತೆಗೆ ನ್ಯೂಟ್ರಲ್ಲನ್ನೂ ಬದಲಿಸುವ ಎರಡು ಪೋಲ್ ಸ್ವಿಚ್ಚನ್ನೇ ನಾನು ಆರಿಸುತ್ತೇನೆ. ಜನರೇಟರ್‌ನ ನ್ಯೂಟ್ರಲ್ಲನ್ನು ಅಲ್ಲಿಯೇ ಪ್ರತ್ಯೇಕವಾಗಿ ಅರ್ಥ್ ಮಾಡಿದ್ದು, ಮೇನ್ಸ್ ನ್ಯೂಟ್ರಲ್ ಜೊತೆ ಅದು ಸದಾ ಕೂಡಿಕೊಂಡೇ ಇದ್ದರೆ, ಮರಳುವ ವಿದ್ಯುತ್ತು ಎರಡು ದಾರಿ ಹಿಡಿದು ಅರ್ಥ್ ಸೋರಿಕೆಯನ್ನು ಗುರುತಿಸುವ ಬ್ರೇಕರ್ ಸುಮ್ಮಸುಮ್ಮನೆ ಟ್ರಿಪ್ ಆಗಬಹುದು, ಇಲ್ಲವೇ ಬೇಕಾದಾಗ ಟ್ರಿಪ್ ಆಗದೇ ಇರಬಹುದು. ತ್ರೀ ಫೇಸ್‌ನಲ್ಲಿ ಇಂಥ ಕಡೆ ನಾಲ್ಕು ಪೋಲ್ ಬೇಕು. ಅದರಲ್ಲೂ ನ್ಯೂಟ್ರಲ್ ಫೇಸ್‌ಗಳಿಗಿಂತ ಮೊದಲು ಬಿಡಬಾರದು, ಅವುಗಳ ನಂತರ ಕೂಡಬಾರದು. ನ್ಯೂಟ್ರಲ್ ಕ್ಷಣಕಾಲ ತಪ್ಪಿದರೂ ಹಗುರ ಲೋಡ್ ಇರುವ ಫೇಸ್‌ನ ಉಪಕರಣಗಳ ಮೇಲೆ 400 ವೋಲ್ಟಿಗೆ ಹತ್ತಿರದ ಒತ್ತಡ ಬೀಳಬಹುದು. ಅರ್ಥ್ ತಂತಿಯನ್ನು ಮಾತ್ರ ಎಂದೂ ಸ್ವಿಚ್ಚಿನ ಮೂಲಕ ಹಾಯಿಸಬಾರದು.

ಆಂಪಿಯರ್ ಲೆಕ್ಕದಲ್ಲಿ ಒಂದು ತಪ್ಪು ಪದೇ ಪದೇ ಕಾಣಸಿಗುತ್ತದೆ. 5 ಕೆವಿಎ ಜನರೇಟರ್ 230 ವೋಲ್ಟಿನಲ್ಲಿ ಸುಮಾರು 22 ಆಂಪಿಯರ್ ಕೊಡುತ್ತದೆ ಎಂದು ಲೆಕ್ಕ ಹಾಕಿ 32 ಆಂಪಿಯರ್ ಸ್ವಿಚ್ ತರುತ್ತಾರೆ. ಆದರೆ ವರ್ಷದ ಬಹುಪಾಲು ದಿನ ಅದೇ ಸ್ವಿಚ್ಚಿನ ಮೂಲಕ ಹರಿಯುವುದು ಮೇನ್ಸ್. ಅಲ್ಲಿನ ಬ್ರೇಕರ್ 63 ಆಂಪಿಯರ್ ಆಗಿದ್ದರೆ ಸ್ವಿಚ್ಚೂ ಅದಕ್ಕಿಂತ ಕಡಿಮೆ ಇರಬಾರದು. ಪಂಪ್, ಕಂಪ್ರೆಸರ್‌ಗಳಂಥ ಮೋಟಾರು ಲೋಡ್ ಇದ್ದರೆ ಫಲಕದ ಮೇಲೆ ಎಸಿ-23 ವರ್ಗದಲ್ಲಿ ಎಷ್ಟು ಆಂಪಿಯರ್ ಎಂಬುದನ್ನು ಓದಬೇಕು. ದೊಡ್ಡಕ್ಷರದಲ್ಲಿ ಅಚ್ಚಾಗಿರುವುದು ಹಲವು ಬಾರಿ ಹೀಟರಿನಂಥ ಸರಳ ಲೋಡಿನ ಎಸಿ-21 ಅಂಕಿಯಾಗಿರುತ್ತದೆ. ಅಂತರರಾಷ್ಟ್ರೀಯ ಮಾನದಂಡಗಳಲ್ಲಿ ಕೈಯಿಂದ ತಿರುಗಿಸುವ ಸ್ವಿಚ್ಚುಗಳಿಗೆ ಐಇಸಿ 60947-3, ಸ್ವಯಂಚಾಲಿತವಾದವುಗಳಿಗೆ ಐಇಸಿ 60947-6-1 ಅನ್ವಯಿಸುತ್ತವೆ.

ಸ್ವಯಂಚಾಲಿತವೇ ಬೇಕೇ? ಫ್ರಿಜ್ಜಿನಲ್ಲಿ ಔಷಧಿ ಇಡಬೇಕಾದ ಅಥವಾ ಯಾರೂ ಇಲ್ಲದ ಹೊತ್ತಿನಲ್ಲೂ ಪಂಪ್ ಓಡಬೇಕಾದ ಕಡೆ ಹೌದು. ಉಳಿದಂತೆ ಕೈ ಸ್ವಿಚ್ಚೇ ನನಗೆ ಹೆಚ್ಚು ನಂಬಿಕೆಯದು.

ಜೋಡಣೆ ಮುಗಿದ ಮೇಲೆ ನಾನು ಹಿಡಿಕೆಯನ್ನು 0ಯಲ್ಲಿ ನಿಲ್ಲಿಸಿ, ಲೋಡ್ ಕಡೆಯ ಪ್ರತಿ ತುದಿಯಲ್ಲೂ ವೋಲ್ಟೇಜ್ ಶೂನ್ಯ ಎಂದು ಮೀಟರಿನಲ್ಲಿ ಖಚಿತಪಡಿಸಿಕೊಳ್ಳುತ್ತೇನೆ. ಕೆಲವು ವಾರಗಳ ನಂತರ ಎರಡೂ ಮೂಲಗಳನ್ನು ಬಂದ್ ಮಾಡಿ ಮುಚ್ಚಳ ತೆಗೆದು ಟರ್ಮಿನಲ್ ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿ ಮಾಡುತ್ತೇನೆ. ಹಿಂದೊಮ್ಮೆ ಹಾಗೆ ತೆಗೆದಾಗ ನ್ಯೂಟ್ರಲ್ ತುದಿಯ ಸುತ್ತ ಪ್ಲಾಸ್ಟಿಕ್ ಕಂದಾಗಿ, ತಾಮ್ರದ ಎಳೆಗಳು ಕಪ್ಪಿಟ್ಟಿದ್ದವು. ಆ ಸ್ಕ್ರೂ ಮುಕ್ಕಾಲು ಸುತ್ತು ಸಡಿಲವಾಗಿತ್ತು.