ಅದಲುಬದಲಾದ ಎರಡು ಪದಗಳು

ಪುಣೆಯ ಕೋಥ್ರೂಡಿನ ಮನೆಯಲ್ಲಿ ಕುಳಿತು ಜರ್ಮನ್ ಭೂವಿಜ್ಞಾನದ ಬರಹಗಳನ್ನು ಇಂಗ್ಲಿಷಿಗೆ ಅನುವಾದಿಸುವ ನನ್ನನ್ನು ಹೆಚ್ಚು ಕಾಡಿರುವುದು ಅಪರಿಚಿತ ಪದಗಳಲ್ಲ, ಪರಿಚಿತವೆಂದು ನಂಬಿಸಿ ಕೈಕೊಡುವ ಪದಗಳು. ಶಿಲೆಯ ಕಣಗಳ ಗಾತ್ರ, ಆಕಾರಗಳನ್ನು ಜರ್ಮನ್ ಸಂಪ್ರದಾಯ 'ಶ್ಟ್ರುಕ್ಟೂರ್' ಎಂದರೆ ಇಂಗ್ಲಿಷ್ ಅದನ್ನು 'ಟೆಕ್ಸ್ಚರ್' ಎನ್ನುತ್ತದೆ. ಆ ಕಣಗಳು ಶಿಲೆಯೊಳಗೆ ಯಾವ ದಿಕ್ಕಿನಲ್ಲಿ, ಹೇಗೆ ಹರಡಿಕೊಂಡಿವೆ ಎಂಬುದು ಜರ್ಮನರಿಗೆ 'ಟೆಕ್ಸ್ಟೂರ್', ಇಂಗ್ಲಿಷಿನಲ್ಲಿ ಬಹುಮಟ್ಟಿಗೆ 'ಸ್ಟ್ರಕ್ಚರ್'. ಇದನ್ನರಿಯದೆ ನನ್ನ ಮೊದಲ ಕರಡಿನ ಒಂದು ಅಧ್ಯಾಯವೇ ತಲೆಕೆಳಗಾಗಿತ್ತು. ಎರಡನ್ನೂ ಒಳಗೊಳ್ಳುವ 'ಗೆಫ್ಯೂಗೆ'ಗೆ 'ಫ್ಯಾಬ್ರಿಕ್' ಸಲ್ಲುತ್ತದೆ. ಶಿಲೆ ಪದರಪದರವಾಗಿ ಸೀಳುವ ಗುಣವಾದ 'ಶೀಫೆರುಂಗ್' ಮಾತ್ರ ಸ್ಲೇಟಿನಲ್ಲಿ 'ಕ್ಲೀವೇಜ್', ಒರಟು ಕಣಗಳ ಶಿಸ್ಟ್ ಎಂಬ ಕಲ್ಲಿನಲ್ಲಿ 'ಶಿಸ್ಟಾಸಿಟಿ' ಆಗುವುದರಿಂದ, ನಿಘಂಟಿಗಿಂತ ಮೊದಲು ಕಲ್ಲಿನ ಚಿತ್ರವನ್ನು ನೋಡಬೇಕಾಗುತ್ತದೆ. ಬಿರುಕುಗಳ ನಡುವೆ ಕುಸಿದ ನೆಲದ ಪಟ್ಟಿಯಾದ 'ಗ್ರಾಬೆನ್', ಮೇಲೆದ್ದು ನಿಂತ ಪಟ್ಟಿಯಾದ 'ಹೋರ್ಸ್ಟ್' ಪುಣ್ಯಕ್ಕೆ ಹಾಗೆಯೇ ಇಂಗ್ಲಿಷಿಗೆ ಬಂದಿವೆ.

ನನಗೆ ಅಚ್ಚುಮೆಚ್ಚಿನ ಪದ 'ಮಾಂಡೆಲ್‌ಶ್ಟೈನ್', ಅಂದರೆ ಬಾದಾಮಿ ಕಲ್ಲು: ಲಾವಾದಲ್ಲಿ ಅನಿಲ ಬಿಟ್ಟುಹೋದ ಗುಳ್ಳೆಗಳನ್ನು ಆಮೇಲೆ ಖನಿಜಗಳು ತುಂಬಿಕೊಂಡ ಶಿಲೆ. ಇಂಗ್ಲಿಷಿನ 'ಅಮಿಗ್ಡಲಾಯ್ಡ್' ಕೂಡ ಬಾದಾಮಿಯ ಗ್ರೀಕ್ ಹೆಸರಿನಿಂದಲೇ ಬಂದದ್ದು. ಸುಮಾರು 6.6 ಕೋಟಿ ವರ್ಷ ಹಳೆಯದಾದ ದಖ್ಖನ್ ಬಸಾಲ್ಟ್ ಎಂಬ ಲಾವಾ ಶಿಲೆಯಲ್ಲಿ ಜಿಯೋಲೈಟ್ ಎಂಬ ಖನಿಜ ತುಂಬಿದ ಇಂಥ ಬಿಳಿ ಚುಕ್ಕೆಗಳು ಪುಣೆಯ ಸುತ್ತ ಧಾರಾಳವಾಗಿವೆ. ಧಾರವಾಡದಿಂದ ಬಂದಿದ್ದ ಅತ್ತಿಗೆಗೆ ಅವನ್ನು ತೋರಿಸಿದಾಗ, "ನಮ್ಮ ಬಾದಾಮಿ ಗುಡ್ಡದ ಕಲ್ಲೇನ್ರೀ?" ಎಂದು ಕೇಳಿದರು. ಬಾದಾಮಿಯದು ಮರಳುಗಲ್ಲು ಎಂದು ವಿವರಿಸುವಷ್ಟರಲ್ಲಿ ಕತ್ತಲಾಗಿತ್ತು.